‘ನಾಸ್ತಿಕ’ ಎಂದು ಬಾಗಿಲು ಮುಚ್ಚುವ ಮುನ್ನ



ಈ ಬೇಸಿಗೆಯ ಕೊನೆಯಲ್ಲಿ ನಾವು ಪುತ್ತೂರು, ಸುಳ್ಯ ಮತ್ತು ಈಚೆಗೆ ತಾಲೂಕಾದ ಕಡಬ ಸೀಮೆಯಲ್ಲಿ ಒಂಬತ್ತು ದಿನ ಸಂಚಾರ ಮಾಡಿದೆವು. ಘಟ್ಟದ ಕೆಳಗೆ ಶ್ರೀಮಠದ ಭಕ್ತರ ಮನೆಗಳು ಹೆಚ್ಚಿಲ್ಲ. ಗುಡ್ಡಕ್ಕೊಂದು, ತೋಟಕ್ಕೊಂದು ಎಂಬಂತೆ ಚದುರಿವೆ. ಆದರೆ ಸಂಬಂಧ ಹಳೆಯದು. ಅಮರಸುಳ್ಯ, ಪುತ್ತೂರು ಮಾಗಣೆಗಳು ಒಂದು ಕಾಲಕ್ಕೆ ವೀರಶೈವರಾದ ಹಾಲೇರಿ ಅರಸರ ಕೊಡಗಿಗೆ ಸೇರಿದ್ದವು. 1834ರಲ್ಲಿ ಕಂಪನಿ ಸರಕಾರ ಕೊಡಗನ್ನು ನುಂಗಿದ ಮೇಲೆ ಇವು ಕೆನರಾ ಜಿಲ್ಲೆಯ ಪಾಲಾದವು. ಆ ಹಳೆಯ ಋಣದಿಂದಲೋ ಏನೋ, ಅಲ್ಲಿಗೆ ಹೋದಾಗಲೆಲ್ಲ ನಮಗೆ ತವರಿಗೆ ಹೋದಂತಾಗುತ್ತದೆ.

ಸುಳ್ಯದ ಕಡೆಯ ಒಂದು ಮನೆಯಲ್ಲಿ ಪಾದಪೂಜೆ ಮುಗಿದ ಮೇಲೆ ಊರಿನ ನಾಲ್ಕೈದು ಮಂದಿ ಹಿರಿಯರು ಜಗಲಿಯಲ್ಲಿ ಕುಳಿತರು. ಏನೋ ಹೇಳಬೇಕೆಂದಿದ್ದವರು ಹೇಳಲಾರದೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ವಿಷಯ ಹೊರಬಿತ್ತು. ಆ ಊರಿನಲ್ಲಿ ಒಬ್ಬ ಯುವಕ, ನಮ್ಮ ಭಕ್ತರ ಕುಟುಂಬದವನೇ. ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು, ತಂದೆ ತೀರಿಕೊಂಡ ಮೇಲೆ ತಾಯಿಯೊಬ್ಬಳೇ ಆದಳೆಂದು ತೋಟಕ್ಕೆ ಮರಳಿದ್ದಾನೆ. ಕೊರಳಲ್ಲಿ ಲಿಂಗವಿಲ್ಲ, ಹಣೆಯಲ್ಲಿ ವಿಭೂತಿಯಿಲ್ಲ. ಎರಡು ವರ್ಷದ ಹಿಂದೆ ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಮನೆಗೆ ಇಷ್ಟು ಎಂದು ವಂತಿಗೆ ಕಟ್ಟಿದಾಗ, ತನಗೆ ನಂಬಿಕೆಯಿಲ್ಲ, ಕೊಡುವುದಿಲ್ಲ ಎಂದನಂತೆ. ಅಷ್ಟಕ್ಕೆ ನಿಲ್ಲಿಸದೆ ಕಲ್ಲಿಗೆ ಯಾಕೆ ಕಲಶ ಎಂದೂ ಕೇಳಿದನಂತೆ. ಅಂದಿನಿಂದ ಮದುವೆ ಮುಂಜಿಗೆ ಅವನಿಗೆ ಕರೆಯಿಲ್ಲ. ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತುವವರು ಯಾರೂ ಅವನ ತೋಟಕ್ಕೆ ಬರಲಿಲ್ಲ. ಅಡಿಕೆಯ ಹಸಿರು ಕಾಯಿಗಳು ಕೊಳೆತು ಅಂಗಳದಷ್ಟು ಅಗಲಕ್ಕೆ ಉದುರಿ ಬಿದ್ದವು.

ಇದನ್ನು ಹೇಳುವಾಗ ಆ ಹಿರಿಯರ ದನಿಯಲ್ಲಿ ಸಂತೋಷವಿರಲಿಲ್ಲ. ಅದನ್ನು ನಾವು ಒಪ್ಪಲೇಬೇಕು. ಆದರೆ ಒಬ್ಬರು ಮುಂದುವರಿದು, ಆ ಸಾಲಿನ ತೋಟಗಳಿಗೆಲ್ಲ ಬಂದಿರುವ ಹಳದಿ ಎಲೆ ರೋಗ ಇವನ ಪಾಪದ ಫಲ ಎಂದುಬಿಟ್ಟರು. ಸ್ವಾಮಿಗಳು ಅವನಿಗೆ ಬುದ್ಧಿ ಹೇಳಬೇಕು, ಕೇಳದಿದ್ದರೆ ದೂರ ಇಡಲು ಅಪ್ಪಣೆ ಕೊಡಬೇಕು ಎಂಬುದು ಅವರ ಬಿನ್ನಹ.

ರೋಗ ಬಂದು ಎಷ್ಟು ಕಾಲವಾಯಿತು ಎಂದು ನಾವು ಕೇಳಿದೆವು. ಅವನು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಶುರುವಾದದ್ದು ಎಂದರು. ಆಗ ಅವನು ದಿನವೂ ವಿಭೂತಿ ಇಟ್ಟುಕೊಂಡು ಹೋಗುತ್ತಿದ್ದನಂತೆ! ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಆ ರೋಗ ಬರುತ್ತದೆ, ಜಿಗಿಹುಳ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಹುಳ ಕೂರುವಾಗ ಇದು ಆಸ್ತಿಕನ ಮರವೋ ನಾಸ್ತಿಕನ ಮರವೋ ಎಂದು ನೋಡುವುದಿಲ್ಲ. ಇಷ್ಟು ಹೇಳಿ, ಉಳಿದ ಉತ್ತರವನ್ನು ಆಮೇಲೆ ಕೊಡುತ್ತೇವೆ ಎಂದು ಎದ್ದೆವು. ಆ ಉತ್ತರವೇ ಈ ಬರಹ.

ಮರುದಿನ ಪುತ್ತೂರಿನಲ್ಲಿ, ಪರ್ಲಡ್ಕದ ಬಾಲವನದ ಬಳಿ ಗಾಡಿ ನಿಲ್ಲಿಸಲು ಹೇಳಿದೆವು. ಅದು ಶಿವರಾಮ ಕಾರಂತರು ಬಾಳಿದ ಜಾಗ. ಸ್ವಾಮಿಗಳಿಗೆ ಇಲ್ಲೇನು ಕೆಲಸ ಎಂದು ಜೊತೆಯಲ್ಲಿದ್ದ ಮರಿದೇವರು ಅಚ್ಚರಿಪಟ್ಟರು.

ಕಾರಂತರು 1902ರ ಅಕ್ಟೋಬರ್ 10ರಂದು ಕೋಟದಲ್ಲಿ ಹುಟ್ಟಿದರು. 1997ರ ಡಿಸೆಂಬರ್ 9ರಂದು ಕಾಲವಾದರು. ನಡುವಿನ ಸುಮಾರು ನಾಲ್ಕು ದಶಕ ಪುತ್ತೂರಿನವರೇ ಆಗಿದ್ದರು. ತನ್ನ ಅನುಭವಕ್ಕೆ ಬಾರದ ದೇವರನ್ನು ಒಪ್ಪಿದಂತೆ ನಟಿಸಲಾರೆ ಎಂಬುದು ಅವರ ನಿಲುವಾಗಿತ್ತು. ಅದನ್ನು ಅವರು ಮುಚ್ಚಿಡಲಿಲ್ಲ, ಯಾರ ಮರ್ಜಿಗೂ ಮೆದು ಮಾಡಲಿಲ್ಲ. 1936ರಲ್ಲಿ ಬಂಟ ಮನೆತನದ ಲೀಲಾ ಆಳ್ವರನ್ನು ಕೈಹಿಡಿದಾಗ ಜಾತಿ ಕೆಡಿಸಿದರೆಂದು ಊರು ಆಡಿಕೊಂಡಿತು. ಆಡಿಕೊಂಡವರ ಮಕ್ಕಳೂ ಮೊಮ್ಮಕ್ಕಳೂ ಅವರ ‘ಬಾಲಪ್ರಪಂಚ’ವನ್ನು ಓದಿ ಲೋಕ ತಿಳಿದುಕೊಂಡರು. ಪುತ್ತೂರಿನ ದಸರಾ ನಾಡಹಬ್ಬಕ್ಕೆ ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಜೊತೆ ಓಡಾಡಿದವರು ಇದೇ ಕಾರಂತರು. ದೇವಿಯ ಹಬ್ಬದ ನೆಪದಲ್ಲಿ ಊರಿಗೆ ವಿದ್ಯೆ, ಸಂಗೀತ, ಸಾಹಿತ್ಯ ಬರಲಿ ಎಂದು ದುಡಿದವರನ್ನು ನಾಸ್ತಿಕರೆಂದು ಹೊರಗಿಟ್ಟಿದ್ದರೆ ನಷ್ಟ ಯಾರಿಗೆ?

ಯಕ್ಷಗಾನದ ಮಾತನ್ನೂ ಹೇಳಬೇಕು. ಬಯಲಾಟವೆಂದರೆ ಘಟ್ಟದ ಕೆಳಗಿನ ಭಕ್ತರಿಗೆ ಬರಿಯ ಆಟವಲ್ಲ, ಹರಕೆ ಹೊತ್ತು ದೇವರಿಗೆ ಸಲ್ಲಿಸುವ ಸೇವೆ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಗೆಜ್ಜೆ ಕಟ್ಟುವುದಿಲ್ಲ. ಅಂಥ ಸೇವೆಯ ಕಲೆಗೆ ಕಾರಂತರು ದಶಕಗಳ ಆಯುಷ್ಯ ಸುರಿದರು. ಊರೂರು ಅಲೆದು ಹಳೆಯ ಭಾಗವತರ ರಾಗ, ತಾಳ, ಕುಣಿತ, ವೇಷಗಳನ್ನು ಬರೆದಿಟ್ಟರು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ದೇವರನ್ನು ನಂಬುವ ನಾವು ಆ ಕಾಲಕ್ಕೆ ಆ ಕಲೆಗೆ ಎಷ್ಟು ಮಾಡಿದ್ದೆವು? ರಾತ್ರಿಯಿಡೀ ನೋಡಿ, ಬೆಳಗ್ಗೆ ಮಂಗಳಾರತಿ ತೆಗೆದುಕೊಂಡು ಮನೆಗೆ ಹೋಗಿ ಮಲಗಿದ್ದೆವು.

1943ರ ‘ಬೆಟ್ಟದ ಜೀವ’ ಕಾದಂಬರಿ ಸುಬ್ರಹ್ಮಣ್ಯದ ಸುತ್ತಿನ ಕಾಡಿನದು, ಅಂದರೆ ಇಂದಿನ ಕಡಬ, ಸುಳ್ಯಗಳದು. ದಾರಿ ತಪ್ಪಿದ ಅಪರಿಚಿತನೊಬ್ಬನನ್ನು ಗೋಪಾಲಯ್ಯ ಮತ್ತು ಶಂಕರಿ ಎಂಬ ವೃದ್ಧ ದಂಪತಿಗಳು ಮನೆಯ ಮಗನಂತೆ ನೋಡಿಕೊಳ್ಳುತ್ತಾರೆ. ಆ ದಂಪತಿಗಳ ಪೂಜೆ, ನೇಮ, ನಂಬಿಕೆಗಳನ್ನು ಕಾರಂತರು ಎಲ್ಲಿಯೂ ನಗೆಗೀಡು ಮಾಡಲಿಲ್ಲ. ನಂಬದವರು ನಂಬುವವರನ್ನು ಹೀಗೆ ನೋಡಬಲ್ಲರಾದರೆ, ನಂಬುವ ನಾವು ನಂಬದವರನ್ನು ಹೀಗೆ ನೋಡಲು ಏನು ಅಡ್ಡಿ? 1968ರಲ್ಲಿ ಬಂದ ‘ಮೂಕಜ್ಜಿಯ ಕನಸುಗಳು’ ದೇವರನ್ನೂ ದೇವರ ಕಲ್ಪನೆಯನ್ನೂ ಅಜ್ಜಿಯೊಬ್ಬಳ ಬಾಯಿಂದ ಪ್ರಶ್ನಿಸುವ ಪುಸ್ತಕ. ಅದಕ್ಕೆ 1977ರ ಜ್ಞಾನಪೀಠ ಬಂತು. ಅದನ್ನು ನಾವು ಎರಡು ಸಲ ಓದಿದ್ದೇವೆ. ಮೊದಲ ಸಲ ಸಿಟ್ಟು ಬಂದಿತ್ತು. ಎರಡನೆಯ ಸಲ, ಸಿಟ್ಟು ಬಂದದ್ದು ಯಾಕೆಂದು ವಿಚಾರ ಬಂತು.

ಇನ್ನು ಆ ಶಬ್ದದ ವಿಷಯ. ನಾಸ್ತಿಕ ಎಂಬುದನ್ನು ನಾವು ಬೈಗುಳವನ್ನಾಗಿ ಮಾಡಿಕೊಂಡಿದ್ದೇವೆ. ಶಾಸ್ತ್ರಗಳಲ್ಲಿ ಅದರ ಅರ್ಥ ಒಂದೇ ಅಲ್ಲ. ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನ ಬರೆದವರು ಪರಲೋಕವಿಲ್ಲ ಎಂಬ ಮತಿಯುಳ್ಳವನು ಎಂದರು. ಮನುಸ್ಮೃತಿಯಲ್ಲಿ ಅವನು ವೇದನಿಂದಕ. ಈಶ್ವರನನ್ನು ಒಪ್ಪದವನು ಎಂಬುದೇ ಅರ್ಥವಾದರೆ ಸಾಂಖ್ಯರ ಗತಿ ಏನು? ಜಗತ್ತಿಗೆ ಕರ್ತಾರನೊಬ್ಬ ಬೇಕಿಲ್ಲ ಎಂದ ಪೂರ್ವಮೀಮಾಂಸಕರ ಗತಿ ಏನು? ಅವರನ್ನು ಆಸ್ತಿಕ ದರ್ಶನಗಳ ಸಾಲಿನಲ್ಲೇ ಕೂರಿಸಿದ್ದೇವಲ್ಲ! ವೇದವನ್ನು ಒಪ್ಪದ ಜೈನರು, ಬೌದ್ಧರು ಆ ಲೆಕ್ಕದಲ್ಲಿ ನಾಸ್ತಿಕರು. ಹಾಗೆಂದು ಜೈನ ಬಸದಿಯ ಎದುರು ಕೈಮುಗಿಯದೆ ಹೋಗುವ ತುಳುನಾಡಿನ ಮನುಷ್ಯನನ್ನು ನಾವು ಕಂಡಿಲ್ಲ.

ವಾಲ್ಮೀಕಿಗಳು ಅಯೋಧ್ಯಾಕಾಂಡದಲ್ಲಿ ಜಾಬಾಲಿಯ ನಾಸ್ತಿಕವಾದವನ್ನು ಮುಚ್ಚಿಡಲಿಲ್ಲ. ರಾಮ ಅದನ್ನು ಕೋಪದಿಂದ ಖಂಡಿಸಿದ್ದಾನೆ, ನಿಜ. ಆದರೆ ಜಾಬಾಲಿಯ ಮಾತು ಅಲ್ಲಿ ಇಂದಿಗೂ ಉಳಿದಿದೆ. ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಮಾಧವಾಚಾರ್ಯರ ಹೆಸರಿನಲ್ಲಿ ಬಂದ ‘ಸರ್ವದರ್ಶನ ಸಂಗ್ರಹ’ದ ಮೊದಲನೆಯ ಅಧ್ಯಾಯ ಯಾವುದೆಂದು ಬಲ್ಲಿರಾ? ಚಾರ್ವಾಕ ದರ್ಶನ. ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಆಮೇಲೆ ಉತ್ತರ ಕೊಡುವುದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಅವನ ಮರಕ್ಕೆ ಮದ್ದು ಹೊಡೆಯದಂತೆ ಮಾಡುವುದು ಯಾವ ಶಾಸ್ತ್ರಾರ್ಥದಲ್ಲೂ ಇಲ್ಲ.

ನಮ್ಮ ಶರಣ ಪರಂಪರೆಯನ್ನೇ ನೋಡಿ. ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಸಿದ್ಧರಾಮರ ಕೆರೆ, ಗುಡಿಗಳ ಕೆಲಸವನ್ನೇ ಪ್ರಶ್ನಿಸುತ್ತಾರೆ. ಕೆರೆ ತೋಡುತ್ತಿದ್ದ ಒಡ್ಡರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ. ಆ ಕಥೆಯಲ್ಲಿ ನಾವು ಯಾರ ಪಕ್ಷ? ಕಲ್ಲು ಬೀರಿದವರ ಪಕ್ಷವೆಂದು ಯಾವ ವೀರಶೈವನೂ ಹೇಳಲಾರ. ಪ್ರಶ್ನಿಸಿದವರನ್ನು ಪ್ರಭು ಎಂದು ಕರೆದು ಶೂನ್ಯಪೀಠದ ಮೇಲೆ ಕೂರಿಸಿದ ಪರಂಪರೆ ನಮ್ಮದು. ಪ್ರಭುಗಳು ನಾಸ್ತಿಕರಲ್ಲ, ಒಪ್ಪಿದೆವು. ಆದರೆ ಕಲ್ಲು ಬೀರಿದವರಿಗೆ ಅಂದು ಆ ಭೇದ ಗೊತ್ತಿತ್ತೇ?

ಭವಿ ಎಂಬ ಶಬ್ದ ನಮ್ಮ ಗ್ರಂಥಗಳಲ್ಲಿದೆಯಲ್ಲ ಎಂದು ಬಲ್ಲವರು ಕೇಳಬಹುದು. ಇದೆ. ಭವಿಯ ಪಾಕ, ಭವಿಯ ಸಂಗದ ಬಗ್ಗೆ ಕಟ್ಟುನಿಟ್ಟಿನ ನಿಯಮಗಳೂ ಇವೆ, ಅವನ್ನು ಇಲ್ಲವೆಂದು ನಾವು ಸುಳ್ಳು ಹೇಳಲಾರೆವು. ಅವು ಸಾಧಕನು ತನ್ನ ನಿಷ್ಠೆ ಕೆಡದಂತೆ ತನಗೆ ತಾನೇ ಹಾಕಿಕೊಂಡ ಬೇಲಿ. ಬೇರೊಬ್ಬನ ಅನ್ನಕ್ಕೆ ಹಾಕುವ ಬೇಲಿಯಲ್ಲ. ದಯೆಯ ಬಗ್ಗೆ ಅಣ್ಣನವರು ಆಡಿದ ಮಾತು ನಿಮ್ಮೆಲ್ಲರ ಬಾಯಲ್ಲಿದೆ, ಇಲ್ಲಿ ಬರೆಯಬೇಕಾಗಿಲ್ಲ.

ದೇವರ ಭಯವಿಲ್ಲದವನಿಗೆ ನೀತಿಯೆಲ್ಲಿಂದ ಬರಬೇಕು ಎಂಬುದು ಹಿರಿಯರು ಮತ್ತೆ ಮತ್ತೆ ಹೇಳುವ ಮಾತು. ನಮ್ಮ ಅನುಭವ ಬೇರೆ. ಶ್ರೀಮಠದ ಲೆಕ್ಕದಲ್ಲಿ ಇದುವರೆಗೆ ಕೈಯಾಡಿಸಿದವರೆಲ್ಲ ಮೂರು ಬೆರಳಿನ ವಿಭೂತಿಯವರೇ. ಒಬ್ಬನೇ ಒಬ್ಬ ನಾಸ್ತಿಕ ಅದರಲ್ಲಿರಲಿಲ್ಲ. (ಅವರನ್ನು ಲೆಕ್ಕದ ಹತ್ತಿರ ನಾವು ಬಿಟ್ಟುಕೊಂಡೇ ಇರಲಿಲ್ಲ ಎಂಬುದೂ ನಿಜ.) ಬೆಂಗಳೂರಿನ ಎಚ್. ನರಸಿಂಹಯ್ಯನವರನ್ನು ಬಲ್ಲವರು ನಿಮ್ಮಲ್ಲಿ ಇದ್ದಾರು. ಭೌತಶಾಸ್ತ್ರದ ವಿದ್ವಾಂಸರು, ಖಾದಿಧಾರಿ ಗಾಂಧಿವಾದಿ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಆಸ್ತಿಕರ ಕೋಪಕ್ಕೆ ಗುರಿಯಾದರು. ಅವರು ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ದಶಕಗಳ ಕಾಲ ಇದ್ದು 2005ರ ಜನವರಿಯಲ್ಲಿ ಕಣ್ಮುಚ್ಚಿದರು. ಜಂಗಮನ ಬದುಕು ಹೇಗಿರಬೇಕೆಂದು ನಾವು ಪ್ರವಚನ ಮಾಡುತ್ತೇವೆ. ಅವರಿಗೆ ಒಂದು ಕೋಣೆ ಸಾಕಾಗಿತ್ತು; ನಮಗೆ ಮಠದಲ್ಲಿ ನಾಲ್ಕಿವೆ.

ಕುಕ್ಕೆಯ ಮಡೆಸ್ನಾನದ ವಿಷಯವೂ ಕಡಬದವರಿಗೆ ಗೊತ್ತಿದ್ದದ್ದೇ. ಉಂಡೆಲೆಯ ಮೇಲೆ ಮನುಷ್ಯರು ಉರುಳುವುದು ಬೇಡವೆಂದು ಕೂಗಿದವರಲ್ಲಿ ಮಠಾಧೀಶರೂ ಇದ್ದರು, ದೇವರನ್ನು ನಂಬದ ವಿಚಾರವಾದಿಗಳೂ ಇದ್ದರು. 2017ರಲ್ಲಿ ರಾಜ್ಯ ಸರಕಾರ ತಂದ ಕಾಯಿದೆ ಅಂಥ ಆಚರಣೆಯನ್ನು ನಿಷೇಧಿಸಿತು. ನಮ್ಮ ಅಂಗಳದ ಕಸವನ್ನು ಪರರು ತೋರಿಸಿದರೆ ಗುಡಿಸುವುದು ಲೇಸು.

ಈಗ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಮೂವತ್ತು ವರ್ಷದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ.

ನಾವು ಪಟ್ಟಕ್ಕೆ ಬಂದ ಹೊಸತು. ಘಟ್ಟದ ಮೇಲಿನ ಒಂದು ಊರಿನಲ್ಲಿ ಶ್ರಾವಣ ಮಾಸದ ಪ್ರವಚನ. ನಿವೃತ್ತ ಶಾಲಾಮಾಸ್ತರರೊಬ್ಬರು ಹಿಂದಿನ ಸಾಲಿನಲ್ಲಿ ಕುಳಿತು ದಿನವೂ ಕೇಳುತ್ತಿದ್ದರು. ಅವರು ಲಿಂಗ ತೆಗೆದಿಟ್ಟವರು, ದೇವರಿಲ್ಲ ಎನ್ನುವವರು ಎಂದು ಊರ ಪ್ರಮುಖರೊಬ್ಬರು ನಮ್ಮ ಕಿವಿಯಲ್ಲಿ ಹೇಳಿದರು. ಆ ಸಂಜೆ ನಾವು ಪ್ರವಚನದ ನಡುವೆ ಹಿಂದಿನ ಸಾಲಿನತ್ತ ಕೈ ತೋರಿಸಿ, ಮೂಗುದಾರವಿಲ್ಲದ ಎತ್ತು ಹೊಲಕ್ಕೂ ಇಲ್ಲ ಹಟ್ಟಿಗೂ ಇಲ್ಲ ಎಂದೆವು. ಸಭೆ ಗೊಳ್ಳೆಂದು ನಕ್ಕಿತು. ಆ ನಗು ನಮಗೆ ಹಿತವಾಗಿತ್ತು. ಮಾಸ್ತರರು ಎದ್ದು ನಿಂತು ಕೈಮುಗಿದು ಹೊರಟುಹೋದರು.

ಎರಡು ವರ್ಷದ ಮೇಲೆ ಮತ್ತೆ ಆ ಊರಿನ ದಾರಿ ಹಿಡಿದಾಗ ಅವರು ತೀರಿಕೊಂಡಿದ್ದರು. ಆಗ ತಿಳಿಯಿತು: ಅವರು ಪ್ರತಿ ಸಂಜೆ ಕೂಲಿಯವರ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಕಾಸಿಲ್ಲದೆ ಪಾಠ ಹೇಳುತ್ತಿದ್ದರಂತೆ. ಸ್ವಾಮಿಗಳೇ ಎತ್ತು ಎಂದ ಮೇಲೆ ಮಕ್ಕಳನ್ನು ಕಳಿಸುವುದು ಬೇಡ ಎಂದಿತು ಊರು. ಜಗಲಿ ಬರಿದಾಯಿತು. ಶವ ಹೊರಲು ನಾಲ್ಕು ಹೆಗಲು ಕೂಡಿಸುವುದೇ ಕಷ್ಟವಾಯಿತಂತೆ. ನಾವು ಅವರ ಮನೆಗೆ ಹೋದೆವು. ಅವರ ಮಡದಿ ನಿತ್ಯ ಲಿಂಗಪೂಜೆ ಮಾಡುವ ತಾಯಿ. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ, ಹಾಲು ಕಾಯಿಸಿ ಕೊಟ್ಟರು. ಪೂಜೆಗೆ ಹೂವೇ ಇರಲಿಲ್ಲ. ವಿಚಾರಿಸಿದಾಗ, ದಿನವೂ ನಸುಕಿನಲ್ಲಿ ಎದ್ದು ಹೂ ಬಿಡಿಸಿ ತಂದುಕೊಡುತ್ತಿದ್ದವರು ಮಾಸ್ತರರೇ, ತನಗೆ ಈಗ ಮೊಣಕಾಲು ನೋವು ಎಂದರು. ದೇವರಿಲ್ಲ ಎಂದವರು ನಲವತ್ತು ವರ್ಷ ದೇವರಿಗೆ ಹೂ ತಂದಿದ್ದರು. ಹೆಂಡತಿಯ ದೇವರೆಂದು ತಂದರು.

ಕ್ಷಮೆ ಕೇಳಲು ನಮಗೆ ಅವರು ಉಳಿದಿರಲಿಲ್ಲ.

ಪೀಠದ ಮೇಲಿಂದ ಬಿದ್ದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಆಡಿದವರಿಗೆ ತಿಳಿಯುವುದಿಲ್ಲ. ಡಾ. ಎಂ.ಎಂ. ಕಲಬುರ್ಗಿಯವರ ಹೆಸರು ನಿಮಗೆ ಗೊತ್ತು. ಅವರು ನಾಸ್ತಿಕರೇನಲ್ಲ, ವಚನ ಸಾಹಿತ್ಯಕ್ಕಾಗಿ ಬದುಕು ತೇಯ್ದವರು. ಆದರೂ ಧರ್ಮದ್ರೋಹಿ ಎನ್ನಿಸಿಕೊಂಡರು. 1989ರಲ್ಲಿ ‘ಮಾರ್ಗ’ ಗ್ರಂಥದ ಕೆಲವು ಬರಹಗಳಿಗಾಗಿ ನಮ್ಮ ಸಮಾಜದವರೇ ಒತ್ತಡ ತಂದು ಅವರ ಮಾತನ್ನು ಹಿಂತೆಗೆಸಿದರು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಗುಂಡು ಹಾರಿಸಿದವರಿಗೂ ಒತ್ತಡ ತಂದವರಿಗೂ ಸಂಬಂಧವಿದೆ ಎಂದು ನಾವು ಹೇಳುತ್ತಿಲ್ಲ. ಅವರ ಸಂಶೋಧನೆಯ ಕೆಲವು ತೀರ್ಮಾನಗಳನ್ನು ನಾವು ಇಂದಿಗೂ ಒಪ್ಪಿಲ್ಲ. ಒಪ್ಪದಿದ್ದರೆ ಬರೆಯಬೇಕಿತ್ತು. ಅಂದು ನಾವು ಬರೆಯಲೂ ಇಲ್ಲ, ಒತ್ತಡ ಬೇಡವೆಂದು ಹೇಳಲೂ ಇಲ್ಲ. ಸುಮ್ಮನಿದ್ದೆವು.

ಗಾಂಧೀಜಿಯವರು ಸುಮ್ಮನಿರಲಿಲ್ಲ. ಆಂಧ್ರದ ಗೋರಾ ಎಂಬವರು ಕಟ್ಟಾ ನಿರೀಶ್ವರವಾದಿ. ಅದಕ್ಕಾಗಿ ಕಾಲೇಜಿನ ಅಧ್ಯಾಪಕ ವೃತ್ತಿಯನ್ನೇ ಕಳೆದುಕೊಂಡವರು. ಅವರನ್ನು ಗಾಂಧೀಜಿ ಸೇವಾಗ್ರಾಮಕ್ಕೆ ಕರೆಸಿ ಗಂಟೆಗಟ್ಟಲೆ ಮಾತಾಡಿದರು. ಹರಿಜನ ಯುವಕನೊಡನೆ ಗೋರಾರ ಮಗಳ ಮದುವೆಯನ್ನು ಆಶ್ರಮದಲ್ಲೇ ನಡೆಸಲು ಒಪ್ಪಿದ್ದರು. 1948ರ ಜನವರಿಯಲ್ಲಿ ಗಾಂಧೀಜಿ ಹೋದರು. ಅದೇ ವರ್ಷ ಮದುವೆ ಸೇವಾಗ್ರಾಮದಲ್ಲಿ ನಡೆಯಿತು. ದಿನವೂ ರಾಮನಾಮ ಜಪಿಸುವವರು ಮಾಡಿದ ಕೆಲಸವಿದು.

ಸುಳ್ಯದ ಆ ಹಿರಿಯರಿಗೆ ನಮ್ಮ ಉತ್ತರ ಈಗ ತಿಳಿದಿರಬೇಕು. ಅಪ್ಪಣೆ ಕೊಡುವುದಿಲ್ಲ. ವಂತಿಗೆ ಎಂಬುದು ಭಕ್ತಿಯಿಂದ ಬಂದರೆ ದೇವರಿಗೆ ಸಲ್ಲುತ್ತದೆ, ಹೆದರಿಸಿ ಕಿತ್ತರೆ ಅದು ಬರಿಯ ಸುಂಕ. ಸಂವಿಧಾನದ 25ನೆಯ ವಿಧಿ ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ನಂಬುವ ನಿಮಗೂ ಅದರಿಂದಲೇ ರಕ್ಷಣೆ.

ಆ ಯುವಕನಿಗೂ ಒಂದು ಮಾತುಂಟು. ಅವನ ನಾಲಿಗೆ ಸ್ವಲ್ಪ ಹರಿತ. ಕೊಡುವುದಿಲ್ಲ ಎನ್ನಲು ಅವನಿಗೆ ಹಕ್ಕಿದೆ. ಊರಿನ ಮುದುಕಿಯೊಬ್ಬಳು ಜೀವಮಾನವಿಡೀ ದೀಪ ಹಚ್ಚಿದ ದೇವರನ್ನು ಅವಳ ಮುಂದೆಯೇ ಕಲ್ಲು ಎಂದರೆ ಅವಳಿಗೆ ನೋವಾಗುತ್ತದೆ ಎಂದು ತಿಳಿಯಲು ದೇವರನ್ನು ನಂಬಬೇಕಾಗಿಲ್ಲ. ಅವನ ತಾಯಿ ಅಂದು ಜಗಲಿಯ ಕಂಬದ ಮರೆಯಲ್ಲಿ ನಿಂತು ನಮ್ಮ ಮಾತು ಕೇಳುತ್ತಿದ್ದರು. ಹೊರಡುವಾಗ ಹತ್ತಿರ ಬಂದು, ಮಗ ಕೆಟ್ಟವನಲ್ಲ ಸ್ವಾಮಿ ಎಂದಷ್ಟೇ ಹೇಳಿದರು.

ಮೊನ್ನೆ ಆ ತಾಯಿ ಯಾರಿಂದಲೋ ಫೋನ್ ಮಾಡಿಸಿದ್ದರು. ಮಳೆ ಹಿಡಿಯುವ ಮುಂಚಿನ ಮೊದಲ ಸಿಂಪಡಣೆ ಆಗಿದೆಯಂತೆ. ಹಳದಿ ರೋಗಕ್ಕೆ ಇವನ ಪಾಪವೇ ಕಾರಣ ಎಂದಿದ್ದರಲ್ಲ, ಆ ಹಿರಿಯರೇ ತಮ್ಮ ಆಳನ್ನು ಕಳಿಸಿದರಂತೆ. ಉಳಿದವರು ಇನ್ನೂ ಮಾತಾಡುತ್ತಿಲ್ಲ. ಎರಡನೆಯ ಸಿಂಪಡಣೆ ಆಟಿಯಲ್ಲಿ ಆಗಬೇಕು.

ಶ್ರಾವಣದ ಅನುಷ್ಠಾನ ಮುಗಿದ ಮೇಲೆ ನಾವು ಆ ಕಡೆಗೆ ಮತ್ತೊಮ್ಮೆ ಹೋಗುವವರಿದ್ದೇವೆ. ಬಿಡಾರ ಆ ಯುವಕನ ಮನೆಯಲ್ಲೇ. ಪಾದಪೂಜೆ ಇರುವುದಿಲ್ಲ, ಕಾಣಿಕೆ ಇರುವುದಿಲ್ಲ. ಅವನ ಬಾವಿಯ ನೀರಿನಲ್ಲಿ ನಮ್ಮ ಲಿಂಗಪೂಜೆ ನಾವು ಮಾಡಿಕೊಳ್ಳುತ್ತೇವೆ. ತಾಯಿ ಅಡಿಗೆ ಮಾಡುತ್ತಾರೆ. ಊರಿನ ಹಿರಿಯರು ಬಂದರೆ ಜಗಲಿಯಲ್ಲಿ ಜಾಗವಿದೆ.